ಬಂಡಿಯ ಅಡಿಗೆ ತೂಗಿದ ಹಾಲು

ಕಣ್ಣು ಬಿಟ್ಟಾಗ ಯಾರೋ ಹೆಂಗಸು ನಮ್ಮ ಬಂಡಿಯ ಕೆಳಗೆ ಬಗ್ಗಿ, ನನ್ನ ಕೂಸಿನ ಹಾಲಿನ ಗಡಿಗೆಗೆ ಕೈ ಹಾಕಿದ್ದಳು.

ನಿಜಾಮರ ಕಾಲದ ಒಂದು ಬೇಸಿಗೆ. ಬಳೆ ಮಾರುತ್ತ ಲಿಂಗಸುಗೂರು, ಮಸ್ಕಿ, ಸಿಂಧನೂರಿನ ಸಂತೆಗಳಿಗೆ ತಿರುಗುತ್ತಿದ್ದ ನಮಗೆ ಕಮಾನು ಬಂಡಿಯೇ ಮನೆ. ಎದೆಹಾಲು ಸಾಲದ ಕೂಸಿಗೆ ಬೆಳಗ್ಗೆ ಕಾಸಿದ ಹಾಲು ಸಂಜೆಯವರೆಗೆ ಕೆಡಬಾರದು. ಅದಕ್ಕೇ ಗಡಿಗೆಗೆ ಒದ್ದೆ ಗೋಣಿತಟ್ಟು ಸುತ್ತಿ, ಗಾಳಿಯಾಡಿ ತಂಪಾಗಿರುವಂತೆ ಬಂಡಿಯ ಅಡಿಗೆ ತೂಗುಹಾಕುತ್ತಿದ್ದೆ. ಅಂದು ಮಸ್ಕಿಯ ಹತ್ತಿರ ಬೇವಿನ ನೆರಳಲ್ಲಿ ಬಂಡಿ ಬಿಟ್ಟು ಒರಗಿದವಳಿಗೆ ನಿದ್ದೆ ಹತ್ತಿಬಿಟ್ಟಿತ್ತು.

“ಯಾರಬೇ ನೀ? ಬಿಡು ಗಡಿಗಿ!” ಎಂದು ಚೀರಿದೆ.

“ತಟ್ಟು ಒಣಗಿತ್ತಬೇ ಯವ್ವಾ. ನೀ ಏಳೂತನಕ ಬಿಟ್ಟಿದ್ರ ಹಾಲು ಒಡದು ಹೋಗ್ತಿತ್ತು,” ಎಂದಳು ಆಕೆ.

ಪಕ್ಕದಲ್ಲಿದ್ದ ಅವಳ ಕೊಡದಲ್ಲಿ, ದೂರದ ಬಾವಿಯಿಂದ ಹೊತ್ತು ತಂದ ನೀರು ಅರ್ಧಕ್ಕೆ ಇಳಿದಿತ್ತು. ನಮ್ಮ ತಟ್ಟು ತೊಟ್ಟಿಕ್ಕುತ್ತಿತ್ತು. ನಾನು ಎದ್ದು ಬರುವಷ್ಟರಲ್ಲಿ ಆಕೆ ಕೊಡ ಎತ್ತಿಕೊಂಡು ಮತ್ತೆ ಬಾವಿಯ ದಾರಿ ಹಿಡಿದಳು. ಸಂಜೆ ಕೂಸು ಹೊಟ್ಟೆ ತುಂಬ ಹಾಲು ಕುಡಿದು ಮಲಗಿತು.

ಆಮೇಲೆ ಎಷ್ಟೋ ವರ್ಷ, ದಾರಿಯಲ್ಲಿ ನಿಂತ ಬಂಡಿ ಕಂಡರೆ ನನ್ನ ಕಣ್ಣು ಮೊದಲು ಅದರ ಅಡಿಗೆ ಹೋಗುತ್ತಿತ್ತು. ತಟ್ಟು ಒಣಗಿದ್ದರೆ ಮಲಗಿದವರನ್ನು ಎಬ್ಬಿಸುತ್ತಿರಲಿಲ್ಲ. ನೀರು ಹಾಕಿ ನನ್ನ ದಾರಿ ಹಿಡಿಯುತ್ತಿದ್ದೆ.