ಒಂದು ಲೋಟ ಹೆಚ್ಚಿಗೆ

ಚರ್ಚಿನಲ್ಲಿ ಎಲ್ಲರೂ ಆಕೆಯನ್ನು ಎಣಿಕೆಯಮ್ಮ ಎಂದೇ ಕರೆಯುತ್ತಿದ್ದರು. ಸ್ವಂತ ಹೆಸರು ಹಳೆಯ ರಿಜಿಸ್ಟರಿನಲ್ಲೆಲ್ಲೋ ಇದ್ದೀತು. ಅದನ್ನು ಹುಡುಕುವ ಗೋಜಿಗೆ ಯಾರೂ ಹೋಗಿರಲಿಲ್ಲ. ಮೂವತ್ತೊಂದು ವರ್ಷಗಳಿಂದ ತಿಂಗಳ ಮೊದಲ ಭಾನುವಾರ ಕರ್ತನ ಮೇಜಿಗೆ, ಅಂದರೆ ಯೇಸುವಿನ ಸಾವನ್ನು ನೆನೆದು ಎಲ್ಲರೂ ಕುಡಿಯುವ ವಿಧಿಗೆ, ದ್ರಾಕ್ಷಾರಸ ತುಂಬಿದ ಪುಟ್ಟ ಗಾಜಿನ ಲೋಟಗಳನ್ನು ಸಿದ್ಧ ಮಾಡುವುದು ಆಕೆಯ ಕೆಲಸ. ಹೆಬ್ಬೆರಳಿನಷ್ಟು ಎತ್ತರದ ಆ ಲೋಟಗಳನ್ನು ಬಿಸಿನೀರಿನಲ್ಲಿ ತೊಳೆದು, ಹತ್ತಿಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು ನೋಡಿ ತಟ್ಟೆಯಲ್ಲಿ ಜೋಡಿಸುತ್ತಿದ್ದಳು. ಕಲೆ ಕಂಡರೆ ಮತ್ತೆ ಮೊದಲಿನಿಂದ.

ಆಕೆಯ ನಿಜವಾದ ಹೆಮ್ಮೆ ಎಣಿಕೆಯದು. ಎರಡನೆಯ ಹಾಡಿಗೆ ಜನ ಎದ್ದು ನಿಂತಾಗ ಚರ್ಚಿನ ಅಡುಗೆಕೋಣೆಯ ಕಿಟಕಿಯಿಂದ ಇಣುಕಿ, ಲೋಟ ತೆಗೆದುಕೊಳ್ಳುವವರನ್ನು ಎಣಿಸುತ್ತಿದ್ದಳು. ಅರವತ್ತೆರಡು ಎಂದರೆ ಅರವತ್ತೆರಡೇ ಲೋಟ. ಉಳಿಯುವ ಮಾತಿಲ್ಲ, ಸಾಲದ ಮಾತಿಲ್ಲ. ಒಮ್ಮೆ ಹಾಡುವವರ ಪೈಕಿ ಒಬ್ಬಾತ ಕಂಬದ ಮರೆಯಲ್ಲಿ ನಿಂತು ಎಣಿಕೆ ತಪ್ಪಿಸಿದ್ದಕ್ಕೆ ಆಕೆ ಎರಡು ವಾರ ಅವನ ಮುಖ ನೋಡಿರಲಿಲ್ಲ.

ಆಕೆ ಯಾವತ್ತೂ ತನ್ನನ್ನು ಎಣಿಸಿಕೊಂಡಿರಲಿಲ್ಲ. ನಂಬಿಕೆ ಇಲ್ಲವೆಂದೇನಲ್ಲ, ಪುರುಸೊತ್ತಿರಲಿಲ್ಲ. ನಲ್ಲಿ ಬಿಟ್ಟುಕೊಂಡೇ ಅಷ್ಟೂ ಪ್ರಸಂಗಗಳನ್ನು ಕೇಳಿದ್ದಳು. ಪಾಸ್ಟರು ಒಂದು ಮಾತು ಮರೆತರೆ ಸಿಂಕಿನ ಮುಂದೆ ನಿಂತೇ ಪೂರ್ತಿ ಮಾಡಬಲ್ಲವಳಾಗಿದ್ದಳು. ದೇವರ ಮಗ ಪಾಪಿಗಳಿಗಾಗಿ ಶಿಲುಬೆಯ ಮೇಲೆ ಸತ್ತ, ಮೂರನೆಯ ದಿನ ಎದ್ದ, ನಂಬಿ ಬಂದವರನ್ನು ತಳ್ಳಿಬಿಡುವುದಿಲ್ಲ. ಎಲ್ಲ ಬಾಯಿಪಾಠ. ನನ್ನನ್ನು ಕೇಳಿದರೆ, ಬಾಯಿಪಾಠವಾದದ್ದೇ ತೊಂದರೆಯಾಯಿತು. ಯಾರಾದರೂ ಮೇಜಿಗೆ ಕರೆದರೆ, "ಬರ್ತೀನಿ, ಬರ್ತೀನಿ, ಅದೇನು ಎಲ್ಲಾದ್ರೂ ಓಡಿಹೋಗುತ್ತಾ?" ಎನ್ನುತ್ತಿದ್ದಳು.

ಈ ಮಾತು ಮೂಲತಃ ಆಕೆಯ ಗಂಡನದು. ಔಷಧಿ ಸಾಗಿಸುವ ವ್ಯಾನಿನ ಡ್ರೈವರು, ಮಹಾ ತಮಾಷೆಯ ಮನುಷ್ಯ. ಭಾನುವಾರ ಹೆಂಡತಿಯನ್ನು ಗೇಟಿನ ತನಕ ಬಿಟ್ಟು, ವ್ಯಾನಿನಲ್ಲೇ ಕಾಲು ಚಾಚಿ ಪೇಪರ್ ಓದುತ್ತಿದ್ದ. "ಒಳಗೆ ಬನ್ನೀಂದ್ರೆ," ಎಂದರೆ, "ಮುಂದಿನ ವಾರ ಕಣೆ. ಅದೇನು ಓಡಿಹೋಗುತ್ತಾ?" ಎಂದು ಪುಟ ತಿರುಗಿಸುತ್ತಿದ್ದ. ಒಂದು ಬುಧವಾರ ಕ್ಷೌರದಂಗಡಿಯ ಕುರ್ಚಿಯಲ್ಲಿ, ಒಂದು ಕೆನ್ನೆಯ ಸೋಪು ಇನ್ನೂ ಆರದಿರುವಾಗಲೇ ಅವನ ಕತ್ತು ವಾಲಿತು. ಅದು ಎಲ್ಲಿಗೂ ಓಡಿಹೋಗಿರಲಿಲ್ಲ, ಹೋದವನು ಅವನೇ. ಗಂಡ ಈಗ ಎಲ್ಲಿದ್ದಾನೆಂದು ಆಕೆ ಯಾರನ್ನೂ ಕೇಳಲಿಲ್ಲ. ಕೇಳಲು ಹೆದರಿಕೆಯಾಗುತ್ತಿತ್ತು. ಮರುಭಾನುವಾರವೇ ಬಂದು ಲೋಟ ತೊಳೆದಳು, ನಲ್ಲಿಯನ್ನು ಮೊದಲಿಗಿಂತ ಜೋರಾಗಿ ಬಿಟ್ಟುಕೊಂಡು.

ಹೋದ ವರ್ಷ ಹೊಸ ಪಾಸ್ಟರು ಬಂದರು. ಮಗನ ವಯಸ್ಸಿನವರು, ಮಾತು ಕಮ್ಮಿ. ಮೊದಲ ತಿಂಗಳೇ ಅಡುಗೆಕೋಣೆಯ ಬಾಗಿಲಲ್ಲಿ ನಿಂತು, "ಅಮ್ಮಾ, ನಿಮ್ಮ ಲೆಕ್ಕಕ್ಕೆ ಒಂದು ಲೋಟ ಹೆಚ್ಚಿಗೆ ತುಂಬಿಸಿ" ಎಂದರು.

"ಯಾರಿಗೆ?"

"ಒಬ್ಬರು ಬರೋದಿದೆ."

ಯಾರೂ ಬರಲಿಲ್ಲ. ಲೋಟ ತುಂಬಿದ್ದು ತುಂಬಿದಂತೆಯೇ ವಾಪಸು ಬಂತು. ಆಕೆ ಮುಖ ಸಿಂಡರಿಸಿ ಅದನ್ನು ಸಿಂಕಿಗೆ ಸುರಿದಳು. ಮುಂದಿನ ತಿಂಗಳೂ ಅದೇ ಕಥೆ, ಅದರ ಮುಂದಿನ ತಿಂಗಳೂ ಅದೇ. ಇಷ್ಟು ದಿನ ಕರೆದರೂ ಬಾರದ ಆ ಮಹಾನುಭಾವ ಯಾರು, ಅವನಿಗೇಕಿಷ್ಟು ಉಪಚಾರ ಎಂದು ಆಕೆಗೆ ಮೈಯೆಲ್ಲ ಉರಿಯುತ್ತಿತ್ತು. ಹನ್ನೊಂದು ತಿಂಗಳು ಹೀಗೇ ಸುರಿದಳು.

ಹನ್ನೆರಡನೆಯ ತಿಂಗಳು ಆರಾಧನೆ ಮುಗಿದು ಜನ ಅಂಗಳದಲ್ಲಿ ಹರಟುತ್ತಿದ್ದಾಗ, ಆಕೆಗೆ ತಡೆಯಲಾಗಲಿಲ್ಲ. ತುಂಬಿದ ಲೋಟ ಕೈಯಲ್ಲಿ ಹಿಡಿದೇ ಪಾಸ್ಟರನ್ನು ಅಡುಗೆಕೋಣೆಗೆ ಕೂಗಿ ಕರೆದಳು.

"ಪಾಸ್ಟರೇ, ಇನ್ನು ನನ್ನ ಕೈಲಾಗಲ್ಲ. ಆ ಮನುಷ್ಯನಿಗೆ ನಾಚಿಕೆ ಅನ್ನೋದು ಬೇಡ್ವಾ? ವರ್ಷದಿಂದ ಕಾಯಿಸ್ತಿದ್ದಾನೆ. ಯಾರವನು ಹೇಳಿ, ನಾನೇ ಹೋಗಿ ನಾಲ್ಕು ಮಾತು ಬಿಗಿದು ಬರ್ತೀನಿ."

ಪಾಸ್ಟರು ಆಕೆಯ ಕೈಯಲ್ಲಿದ್ದ ಲೋಟದ ಕಡೆ ಬೆರಳು ತೋರಿದರು.

"ಅದು ನಿಮ್ಮದು ಅಮ್ಮಾ."

"ಏನು ನನ್ನದು?"

"ಆ ಲೋಟ. ಬಂದ ದಿನಾನೇ ಎಣಿಸಿದೆ. ನಿಮ್ಮ ಲೆಕ್ಕದಲ್ಲಿ ನೀವೇ ಇರ್ಲಿಲ್ಲ."

ಆಕೆ ಸಿಂಕಿನ ಕಡೆ ತಿರುಗಿದಳು. ನಲ್ಲಿ ಧಾರಾಕಾರ ಸುರಿಯುತ್ತಿತ್ತು, ನೀರು ಸುತ್ತಿ ಸುತ್ತಿ ತೂತಿನಲ್ಲಿ ಇಳಿಯುತ್ತಿತ್ತು. ಹನ್ನೊಂದು ಸಲ ಕೈಯಾರೆ ಸುರಿದದ್ದು ಅಲ್ಲಿಗೇ.

"ನಾನು... ಅದನ್ನ ಚೆಲ್ಲಿಬಿಟ್ಟೆನಲ್ಲಾ."

"ಲೋಟದಲ್ಲೇ ರಕ್ಷಣೆ ಇಲ್ಲಮ್ಮ, ಇದು ಯೇಸುವಿನ ರಕ್ತದ ಗುರುತು ಮಾತ್ರ. ಆದ್ರೆ ನಿಮಗೋಸ್ಕರ ಆತ ಪ್ರಾಣ ಕೊಟ್ಟಾಗಿದೆ. ಇನ್ನು ಕೊಡೋದೇನೂ ಉಳಿದಿಲ್ಲ, ನೀವು ತಗೊಳ್ಳೋದೊಂದೇ ಬಾಕಿ."

ಆಕೆ ನಲ್ಲಿ ನಿಲ್ಲಿಸಿದಳು. ಮೂವತ್ತೊಂದು ವರ್ಷಗಳಲ್ಲಿ ಆ ಕೋಣೆ ಅಷ್ಟು ನಿಶ್ಶಬ್ದವಾಗಿದ್ದದ್ದೇ ಇಲ್ಲ. ಅಭ್ಯಾಸದಂತೆ ಲೋಟವನ್ನು ಬೆಳಕಿಗೆ ಹಿಡಿದಳು. ಗಾಜಿನ ಕಲೆ ಹುಡುಕುತ್ತಿದ್ದ ಕಣ್ಣಿಗೆ ಆವತ್ತು ಒಳಗಿನ ಕೆಂಪು ಕಂಡಿತು. ಆಕಾಶ ಭೂಮಿ ಮಾಡಿದವನು ಈ ಸಿಂಕಿನ ಮುಂದೆ ನಿಂತ ಮುದುಕಿಯ ಪಾಪ ಹೊತ್ತು ರಕ್ತ ಸುರಿಸಿದನಂತೆ! ಸಾವಿರ ಸಲ ಕೇಳಿದ್ದ ಮಾತು, ಮೊದಲ ಸಲ ಕೇಳಿದಂತಾಯಿತು. ಊರಿನವರನ್ನೆಲ್ಲ ಎಣಿಸುತ್ತ ತನ್ನನ್ನು ಬಿಟ್ಟಿದ್ದಳು, ಆತ ಬಿಟ್ಟಿರಲಿಲ್ಲ. ಆಕೆ ಹುಟ್ಟುವ ಎಷ್ಟೋ ಮೊದಲೇ ಆಕೆಯೂ ಲೆಕ್ಕದಲ್ಲಿದ್ದಳು. ಇಷ್ಟು ದೊಡ್ಡದು ಇಷ್ಟು ಹತ್ತಿರದಲ್ಲಿತ್ತೇ ಎಂದು ಆಕೆ ಗೋಡೆ ಹಿಡಿದು ನಿಂತಳು.

ಆಕೆಯ ಮುಖ ನೋಡಿ ಪಾಸ್ಟರಿಗೆ ಗಾಬರಿಯಾಯಿತು. "ಸುಧಾರಿಸ್ಕೊಳ್ಳಿ ಅಮ್ಮಾ. ಮುಂದಿನ ತಿಂಗಳು ಎಲ್ಲರ ಜೊತೆ ನಿಧಾನವಾಗಿ..."

"ಮುಂದಿನ ತಿಂಗಳು ಅನ್ನಬೇಡಿ!" ಆಕೆಯ ದನಿ ಅಂಗಳಕ್ಕೂ ಕೇಳಿಸಿತು. "ಆ ಮಾತು ಹೇಳ್ಕೊಂಡೇ ನಮ್ಮನೆಯವರು ಹೋದ್ರು. ನನಗೆ ಇವತ್ತೇ ಬೇಕು."

ಏಪ್ರನ್ ಬಿಚ್ಚಿ ಮೊಳೆಗೆ ಹಾಕಿದಳು. ಅಡುಗೆಕೋಣೆಯ ಬಾಗಿಲಿನಿಂದ ಹೋಗದೆ, ಹೊರಗಿನಿಂದ ಸುತ್ತಿ, ಎದುರು ಬಾಗಿಲಿನಿಂದ ಒಳಗೆ ಬಂದಳು. ಎರಡೂ ಕೈಯಲ್ಲಿ ಲೋಟ. ಖಾಲಿ ಸಭಾಂಗಣದ ಮುಂದಿನ ಬೆಂಚಿನ ಹತ್ತಿರ ಮಂಡಿಯೂರಿ, ಪ್ರಸಂಗಗಳ ಒಂದು ಮಾತೂ ನೆನಪಾಗದೆ, "ಯೇಸಪ್ಪಾ, ತಡಮಾಡಿಬಿಟ್ಟೆ, ಕ್ಷಮಿಸು. ನನ್ನನ್ನೂ ಸೇರಿಸ್ಕೋ" ಎಂದಳು. ಅಷ್ಟೇ ಹೇಳಲು ಬಂತು. ಅಂಗಳದಲ್ಲಿ ಹರಟುತ್ತಿದ್ದವರು ಬಾಗಿಲ ಬಳಿ ಬಂದು ನಿಂತರು. ಪಾಸ್ಟರು ಪಕ್ಕದಲ್ಲಿ ಮಂಡಿಯೂರಿ ಪ್ರಾರ್ಥಿಸಿದರು. ಆಕೆ ಕುಡಿದಳು.

ಆಮೇಲೆ ಅಡುಗೆಕೋಣೆಗೆ ಹೋಗಿ, ಉಳಿದಿದ್ದ ಒಂದೇ ಲೋಟವನ್ನು ತೊಳೆಯಲು ನಿಂತಳು. ತನ್ನ ಎಂಜಲಿನ ಲೋಟ ತಾನು ತೊಳೆಯುತ್ತಿರುವುದು ಅದೇ ಮೊದಲು. ಕಣ್ಣೀರಿನಲ್ಲಿ ಏನೂ ಕಾಣುತ್ತಿರಲಿಲ್ಲ. ಕಲೆ ಹೋಯಿತೋ ಇಲ್ಲವೋ ಎಂದು ಬೆಳಕಿಗೆ ಹಿಡಿದು ನೋಡಲೂ ಇಲ್ಲ.

ಮುಂದಿನ ತಿಂಗಳು ಎರಡನೆಯ ಹಾಡಿಗೆ ಜನ ಎದ್ದರು. ಎಣಿಕೆಯಮ್ಮ ಕಿಟಕಿಯಿಂದ ಇಣುಕುವ ಮೊದಲೇ ತನ್ನ ಎದೆಯ ಮೇಲೆ ಕೈಯಿಟ್ಟು "ಒಂದು" ಎಂದಳು.