ಹಕ್ಕಿಗಳನ್ನು ಬಾಚಿದ ಅತ್ತೆ

ನನ್ನ ಅತ್ತೆ, ಎಂದರೆ ಅಪ್ಪನ ಅಕ್ಕ, ಮೂವತ್ತೊಂದು ವರ್ಷ ವಸ್ತುಸಂಗ್ರಹಾಲಯದಲ್ಲಿ ಕೂತು ಸತ್ತ ಹಕ್ಕಿಗಳ ಹೇನು ತೆಗೆದಳು. ನಿಮ್ಮತ್ತೆಗೆ ಏನು ಕೆಲಸ ಎಂದು ಗೆಳತಿಯರು ಕೇಳಿದರೆ ನಾನು "ಆಫೀಸು" ಎಂದು ಮಾತು ತೇಲಿಸಿಬಿಡುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮದುವೆಯಾದ ಮೂರನೇ ವರ್ಷಕ್ಕೆ ಮಾವ ತೀರಿಕೊಂಡ ಮೇಲೆ ಅವಳು ನಮ್ಮ ಮನೆಯ ಹಿಂದಿನ ಕೋಣೆಗೆ ಬಂದಳು. ಸಂಗ್ರಹಾಲಯಕ್ಕೆ ಸೇರಿದ್ದು ಧೂಳು ಒರೆಸುವ ಕೆಲಸಕ್ಕೆ. ಅಲ್ಲಿನ ಮೇಲ್ಮಹಡಿಯ ತುಂಬ ಮರದ ಕಪಾಟುಗಳು, ಎಳೆದರೆ ಕಿರುಗುಟ್ಟುವ ಅಗಲವಾದ ಖಾನೆಗಳು. ಹತ್ತಿ ತುಂಬಿ ಒಣಗಿಸಿದ ಹಕ್ಕಿಗಳು ಕಾಲಿಗೆ ಚೀಟಿ ಕಟ್ಟಿಸಿಕೊಂಡು ಅಂಗಾತ ಮಲಗಿರುತ್ತಿದ್ದವು. ಆ ಮಹಡಿಯ ವಿಜ್ಞಾನಿಗೆ ಎಲ್ಲರೂ ಹೇನಿನ ಸಾಹೇಬರು ಎನ್ನುತ್ತಿದ್ದರು. ಹಕ್ಕಿ ಸತ್ತರೆ ಅದರ ಹೇನೂ ಗರಿಗಳ ನಡುವೆಯೇ ಒಣಗಿ ಉಳಿಯುತ್ತದೆ. ಅದನ್ನು ಹೊರತೆಗೆದು, ಜಾತಿ ಗುರುತಿಸಿ, ಯಾವುದು ಯಾವ ವಂಶದಿಂದ ಕವಲೊಡೆಯಿತೆಂದು ಪತ್ತೆ ಹಚ್ಚುವುದು ಅವರ ಕೆಲಸ. ಆದರೆ ಚಿಮಟದಿಂದ ಹೆಕ್ಕಲು ಹೋಗಿ ಅರ್ಧದಷ್ಟನ್ನು ಮುರಿದುಹಾಕುತ್ತಿದ್ದರು.

ಒಂದು ದಿನ ಅತ್ತೆ ಪೊರಕೆ ಹಿಡಿದು ನೋಡುತ್ತಾ ನಿಂತವಳು ತಡೆಯಲಾರದೆ, "ಸರ್, ಹಾಗೆ ಕಿತ್ತರೆ ಬರಲ್ಲ, ಬಾಚಬೇಕು" ಎಂದಳಂತೆ. ಮರುದಿನ ಮನೆಯಿಂದ ಸೀರಣಿಗೆ ಒಯ್ದಳು, ಅದೇ ಹೇನು ತೆಗೆಯುವ ಸಣ್ಣ ಹಲ್ಲಿನ ಬಾಚಣಿಗೆ. ಬಿಳಿ ಕಾಗದದ ಮೇಲೆ ಒಂದು ಕೊಕ್ಕರೆಯನ್ನಿಟ್ಟು ಬಾಚಿದರೆ ಹದಿನೇಳು ಹೇನು ಉದುರಿದವು. ಒಂದರ ಕಾಲೂ ಮುರಿದಿರಲಿಲ್ಲ. ಐದು ಜನ ತಮ್ಮ ತಂಗಿಯರ ತಲೆ ನೋಡಿದ ಕೈ ಅದು. ಆ ವಾರವೇ ಅವಳ ಪೊರಕೆ ಬೇರೆಯವರ ಪಾಲಾಯಿತು.

ಸಂಜೆ ನನ್ನ ಜಡೆ ಬಿಚ್ಚಿ ಕೂರಿಸಿಕೊಂಡರೆ ಅವಳಿಗೆ ಅದೇ ಮಾತು. ಹಕ್ಕಿಯ ತಲೆಯ ಮೇಲಿನ ಹೇನು ಗುಂಡಗೆ, ಸೋಮಾರಿ. ಅಲ್ಲಿಗೆ ಕೊಕ್ಕು ಎಟುಕುವುದಿಲ್ಲ. ರೆಕ್ಕೆಯಲ್ಲಿರುವುದು ಸೂಜಿಯ ಹಾಗೆ ಸಪೂರ. ಕೊಕ್ಕಿಗೆ ಸಿಕ್ಕಿದ್ದು ಸತ್ತಿತು, ಗರಿಯ ಸಂದಿಗೆ ನುಸುಳಿದ್ದು ಉಳಿಯಿತು, ಉಳಿದದ್ದರ ಮಕ್ಕಳೂ ಹಾಗೆಯೇ ಆದವು. ತಾಯಿಯಿಂದ ಮರಿಗೆ ಗೂಡಿನಲ್ಲೇ ಹತ್ತುವುದರಿಂದ ಹೇನು ಬೇರೆ ಜಾತಿಗೆ ದಾಟುವುದು ಅಪರೂಪ. ಹಕ್ಕಿಯ ವಂಶ ಎರಡಾದರೆ ಅದರ ಮೈಮೇಲಿನ ಹೇನಿನ ವಂಶವೂ ಸಾಮಾನ್ಯವಾಗಿ ಎರಡಾಗುತ್ತದೆ. ಅಮ್ಮ ಒಳಗಿನಿಂದ, ಊಟದ ಹೊತ್ತಿಗಾದರೂ ಹೇನಿನ ಪುರಾಣ ನಿಲ್ಲಲಿ ಎಂದು ಗೊಣಗುತ್ತಿದ್ದಳು.

ಅವಳು ಕೆಲಸಕ್ಕೆ ಸೇರಿದ ಹನ್ನೆರಡನೇ ವರ್ಷದಲ್ಲಿ ಒಂದು ಘಟನೆ ನಡೆಯಿತು. ಉದ್ದ ಕಾಲಿನ ನೀರುಹಕ್ಕಿಯೊಂದು, ಮುಳುಗು ಹಾಕುವ ಗಿಡ್ಡ ಹಕ್ಕಿಯೊಂದು. ಪುಸ್ತಕಗಳ ಪ್ರಕಾರ ಎರಡಕ್ಕೂ ಸಂಬಂಧವೇ ಇಲ್ಲ. ಅತ್ತೆ ಬಾಚಿದಾಗ ಸಿಕ್ಕ ಹೇನುಗಳು ಮಾತ್ರ ಅಕ್ಕತಂಗಿಯರ ಹಾಗಿದ್ದವು. ಅವುಗಳನ್ನು ಅಂಟಿಸಿದ ಎರಡು ಗಾಜಿನ ಪಟ್ಟಿಗಳನ್ನು ಸಾಹೇಬರ ಮುಂದಿಟ್ಟಳು. ಅವರು ಸೂಕ್ಷ್ಮದರ್ಶಕದಲ್ಲಿ ನೋಡಿ, ಒಂದರ ಹೇನು ಇನ್ನೊಂದಕ್ಕೆ ಬೆರೆತಿದೆ, ಬಾಚಣಿಗೆ ತೊಳೆದಿರಲಿಕ್ಕಿಲ್ಲ ಎಂದುಬಿಟ್ಟರು.

ಅಂದು ಅತ್ತೆ ಮುಖ ಗಂಟುಹಾಕಿಕೊಂಡು ಬಂದಳು, ಊಟ ಬೇಡವೆಂದಳು. ಹೋಗಲಿ ಬಿಡು, ಒಂದು ಹೇನಿಗೋಸ್ಕರ ಯಾಕಿಷ್ಟು ಎಂದ ಅಪ್ಪನಿಗೆ, "ತೊಳೆದೇ ಇಲ್ಲ ಅಂದ್ರು ಕಣೋ. ಹನ್ನೆರಡು ವರ್ಷದಲ್ಲಿ ಒಂದೇ ಒಂದ್ಸಲ ಹಾಗೆ ಮಾಡಿದ್ದೀನಾ?" ಎಂದಳು. ಎರಡು ದಿನ ಅವನ ಜೊತೆಗೂ ಮಾತು ಬಿಟ್ಟಳು.

ಮೂರನೇ ದಿನ ಹೋಗಿ ನಲವತ್ತು ಹೊಸ ಬಾಚಣಿಗೆ ಬೇಕೆಂದು ಕೇಳಿದಳು. ಬೇರೆ ಬೇರೆ ವರ್ಷ, ಬೇರೆ ಬೇರೆ ಜಾಗದಿಂದ ಬಂದ ಆ ಎರಡು ಜಾತಿಯ ನಲವತ್ತು ಹಕ್ಕಿಗಳನ್ನು ಆರಿಸಿ, ಹಕ್ಕಿಗೊಂದು ಬಾಚಣಿಗೆಯಂತೆ ಸಾಹೇಬರ ಮೇಜಿನ ಮೇಲೆಯೇ, ಅವರ ಕಣ್ಣೆದುರೇ ಬಾಚಿದಳು. ಮೂರು ವಾರ ಹಿಡಿಯಿತು. ಎರಡೂ ಜಾತಿಯಲ್ಲಿ ಮತ್ತೆ ಅದೇ ಅಕ್ಕತಂಗಿ ಹೇನುಗಳೇ ಸಿಕ್ಕವು. ಕೊನೆಯ ಗಾಜಿನ ಪಟ್ಟಿ ನೋಡಿದ ಸಾಹೇಬರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ತೊಳೆಯಬೇಕಾಗಿದ್ದು ಬಾಚಣಿಗೆ ಅಲ್ಲಮ್ಮ, ನನ್ನ ತಲೆ" ಎಂದರು.

ಅವರು ಅದನ್ನು ಬರೆದು ಪ್ರಕಟಿಸಿದರು. ಹೇನಿನ ಮಾತು ಕೇಳಿ ಹಕ್ಕಿಗಳಿಗೆ ನೆಂಟಸ್ತಿಕೆ ಬೆಸೆಯುತ್ತಾರೆ ಎಂದು ಬೇರೆ ವಿದ್ವಾಂಸರು ವರ್ಷಗಟ್ಟಲೆ ನಕ್ಕರು. ಹೊಸದಾಗಿ ಸಿಕ್ಕ ಹೇನಿನ ಜಾತಿಯೊಂದಕ್ಕೆ ಅತ್ತೆಯ ಹೆಸರಿಡುತ್ತೇನೆಂದು ಸಾಹೇಬರು ಹೇಳಿದಾಗ ಅವಳು, ಬೇಡ ಸರ್, ನಮ್ಮ ತಮ್ಮ ಮನೆಯಿಂದ ಹೊರಗೆ ಹಾಕ್ತಾನೆ ಎಂದು ನಗಾಡಿದಳಂತೆ. ಅದರ ಬದಲು ಒಂದು ಕೇಳಿಕೊಂಡಳು. ಗಾಜಿನ ಪಟ್ಟಿಗೆ ಅಂಟಿಸುವ ಚೀಟಿಯಲ್ಲಿ ಹಕ್ಕಿಯ ಹೆಸರು, ಅದನ್ನು ಹಿಡಿದವರ ಹೆಸರು ಇರುತ್ತಿತ್ತು. ಕೆಳಗೆ "ಬಾಚಿದವರು" ಎಂದು ಇನ್ನೊಂದು ಸಾಲು ಸೇರಿಸಬೇಕು. ಅಂದಿನಿಂದ ಸೇರಿತು.

ಅವಳು ನಿವೃತ್ತಳಾಗಿ ಎಷ್ಟೋ ವರ್ಷಗಳ ಮೇಲೆ ಅಲ್ಲಿನ ಹೊಸ ಸಂಶೋಧಕಿಯೊಬ್ಬಳು ಫೋನ್ ಮಾಡಿದಳು. ವಂಶವಾಹಿಗಳನ್ನು ಪರೀಕ್ಷೆ ಮಾಡಿದ್ದಾರೆ, ಆ ಎರಡು ಹಕ್ಕಿಗಳೂ ನಿಜಕ್ಕೂ ಹತ್ತಿರದ ನೆಂಟರೇ ಎಂದಳು. ಅತ್ತೆ ಫೋನ್ ಇಟ್ಟು, "ಸಾಹೇಬರು ಇರಬೇಕಿತ್ತು" ಎಂದಷ್ಟೇ ಅಂದಳು. ಅವರು ಹೋಗಿ ಆಗಲೇ ಆರು ವರ್ಷವಾಗಿತ್ತು.

ಮುನ್ನೂರು ಜಾತಿಯ ಹಕ್ಕಿಗಳನ್ನು ಬೆರಳ ತುದಿಯಲ್ಲಿ ಬಲ್ಲವಳು, ಅವುಗಳಲ್ಲಿ ಹೆಚ್ಚಿನವನ್ನು ಜೀವಂತ ಕಂಡಿರಲೇ ಇಲ್ಲ. ಇದು ನನಗೆ ಹೊಳೆದದ್ದು ಬಹಳ ತಡವಾಗಿ. ಅವಳಿಗೆ ಎಪ್ಪತ್ತನಾಲ್ಕಾದಾಗ ಒಂದು ಬೆಳಿಗ್ಗೆ ಬಸ್ಸಿನಲ್ಲಿ ದೊಡ್ಡ ಕೆರೆಯೊಂದಕ್ಕೆ ಕರೆದುಕೊಂಡು ಹೋದೆ. ಉದ್ದ ಕಾಲಿನ ಆ ಹಕ್ಕಿಗಳು ತಿಳಿನೀರಿನಲ್ಲಿ ಸಾಲಾಗಿ ನಿಂತಿದ್ದವು. ಒಂದು ಕತ್ತು ಬಳುಕಿಸಿ ರೆಕ್ಕೆಯ ಗರಿಗಳನ್ನು ಒಂದೊಂದಾಗಿ ಕೊಕ್ಕಿನಲ್ಲಿ ಸವರಿಕೊಳ್ಳುತ್ತಿತ್ತು. ಅತ್ತೆ ನನ್ನ ತೋಳು ಹಿಡಿದುಕೊಂಡು ನೋಡಿಯೇ ನೋಡಿದಳು.

"ಇಷ್ಟು ಎತ್ತರ ಇರ್ತಾವೆ ಅಂತ ನಂಗೆ ಗೊತ್ತೇ ಇರಲಿಲ್ಲ ಕಣೇ," ಎಂದಳು. "ನಮ್ಮಲ್ಲಿ ಕಾಲು ಮಡಚಿ ಇಟ್ಟಿರ್ತಿದ್ರು."