ಮದುಮಗಳಿಗೊಬ್ಬ ಸೋದರಮಾವ ಬೇಕಾಗಿದ್ದ

ಎರಡು ಭಾಷೆಗಳ ನಡುವೆ ಬೆಳೆದ ಮಕ್ಕಳ ತಲೆ ಚುರುಕಾಗಿರುತ್ತದೆ ಎಂದು ಈಗ ಎಲ್ಲರೂ ಹೇಳುತ್ತಾರೆ. ಚುರುಕೋ ಅಲ್ಲವೋ ಗೊತ್ತಿಲ್ಲ, ನನ್ನ ತಲೆಗಂತೂ ಪುರುಸೊತ್ತೇ ಇರಲಿಲ್ಲ. ಒಡಿಶಾದಿಂದ ವಾಡಿಗೆ ಸಿಮೆಂಟ್ ಕಾರ್ಖಾನೆಯ ಕೆಲಸಕ್ಕೆ ಬಂದ ಅಪ್ಪ, ಒಡಿಯಾ ಬಿಟ್ಟು ಬೇರೆ ಮಾತೇ ಬಾರದ ಅವ್ವ, ಇವರಿಗೆ ಒಬ್ಬಳೇ ಮಗಳು ನಾನು. ಬಂದ ವರ್ಷವೇ ಓಣಿಯ ಮಕ್ಕಳೊಂದಿಗೆ ಜಗಳವಾಡಿ ಜಗಳವಾಡಿ ಕನ್ನಡ ಕಲಿತೆ. ಜಗಳಕ್ಕಿಂತ ಒಳ್ಳೆಯ ಶಾಲೆ ನಾನಿನ್ನೂ ಕಂಡಿಲ್ಲ. ಹತ್ತು ವರ್ಷ ತುಂಬುವ ಹೊತ್ತಿಗೆ ನಾನಿಲ್ಲದೆ ನಮ್ಮವ್ವ ಒಂದು ಸಿವುಡು ಕೊತ್ತಂಬರಿಯನ್ನೂ ಕೊಳ್ಳುವಂತಿರಲಿಲ್ಲ. ಆ ಅಧಿಕಾರದ ಅಮಲನ್ನು ಏನೆಂದು ಹೇಳಲಿ!

ಅವ್ವನಿಗೆ ಊರಲ್ಲಿ ಇದ್ದದ್ದು ಒಬ್ಬಳೇ ಗೆಳತಿ, ಪಕ್ಕದ ಮನೆಯವಳು. ನಾನು ಅವಳನ್ನು ಅತ್ತಿ ಎಂದು ಕರೆಯುತ್ತಿದ್ದೆ. ಸಂಜೆ ಇಬ್ಬರೂ ಪರಸಿಕಲ್ಲಿನ ಕಟ್ಟೆಯ ಮೇಲೆ ಕೂರುವರು, ನಡುವೆ ನಾನು. ನಮ್ಮ ಮನೆಯ ಪಖಾಳ, ಎಂದರೆ ರಾತ್ರಿಯೇ ನೀರಲ್ಲಿ ನೆನೆಸಿಟ್ಟ ಅನ್ನ ನೋಡಿ ಅತ್ತಿ, "ಇದೇನವ್ವ, ಎಮ್ಮಿಗಿ ಇಡೂ ಮುಸುರಿಯೇನ?" ಎಂದಳು. "ಈ ಬಿಸಿಲಿಗೆ ಹೊಟ್ಟೆಗೆ ತಂಪು ಅಂತೆ" ಎಂದು ನಾನು ಅವ್ವನಿಗೆ ಒಡಿಯಾದಲ್ಲಿ ಹೇಳಿದೆ. ಅವ್ವ ಹಿಗ್ಗಿ ಅತ್ತಿಗೆ ಒಂದು ಬಟ್ಟಲು ತುಂಬಿಯೇ ಕೊಟ್ಟಳು. ಅತ್ತಿಯ ಒಣ ಜೋಳದ ಕಟಕ್ ರೊಟ್ಟಿ ಕಡಿದು ಅವ್ವ, "ಇದಕ್ಕೆ ಸುತ್ತಿಗೆ ಬೇಕು" ಎಂದರೆ, ನಾನು "ಭಾಳ ಗರಿಗರಿ ಆಗ್ಯಾವಂತ, ಅತ್ತಿ" ಎಂದೆ. ಮರುದಿನ ಒಂದು ಬುಟ್ಟಿ ರೊಟ್ಟಿ ಬಂತು! ಯಾವ ಮಾತಿಗೆ ಯಾರು ಉರಿಯುತ್ತಾರೆ, ಯಾರು ಅರಳುತ್ತಾರೆ ಎಂಬುದನ್ನು ಬಾಯಿ ತೆರೆಯುವ ಮೊದಲೇ ತೂಗಿ ನೋಡುವುದು ನನಗೆ ಆಟವಾಗಿಬಿಟ್ಟಿತ್ತು.

ಅಷ್ಟರಲ್ಲಿ ಅತ್ತಿಯ ಮಗಳ ಮದುವೆ ಗೊತ್ತಾಯಿತು. ವರ ಅತ್ತಿಯ ಸ್ವಂತ ತಮ್ಮ, ಹುಡುಗಿಯ ಸೋದರಮಾವ. ಹುಡುಗಿಯೇ ಮನಸಾರೆ ಒಪ್ಪಿದ್ದಳು, ಓಣಿಗೆಲ್ಲ ಸಂಭ್ರಮ. ಆದರೆ ನಮ್ಮವ್ವನ ಊರಲ್ಲಿ ಮಾಮ ಎಂದರೆ ತಂದೆಗೆ ಸಮ. ಅಂಥ ಮದುವೆಯ ಮಾತೆತ್ತಿದರೂ ಕಿವಿ ಮುಚ್ಚಿಕೊಳ್ಳುತ್ತಾರೆ. ನನ್ನ ತಲೆಯಲ್ಲಿ ಈ ಎರಡೂ ನಡೆಗಳು ಜಗಳವಿಲ್ಲದೆ ಕೂತಿದ್ದವು. ಅವ್ವನ ತಲೆಯಲ್ಲಿ ಒಂದಕ್ಕೇ ಜಾಗ. ಸಂಗತಿ ತಿಳಿದರೆ ಅವಳು ಇನ್ನೊಮ್ಮೆ ಅತ್ತಿಯ ಹೊಸ್ತಿಲು ತುಳಿಯುವುದಿಲ್ಲ, ಇರುವ ಒಬ್ಬ ಗೆಳತಿಯೂ ಹೋದಂತೆ ಎಂದು ನನಗೆ ಭಯ. "ಹುಡುಗ ಯಾರೇ?" ಎಂದು ಅವಳು ಕೇಳಿದಾಗ, "ಅವರ ಬಳಗದವನೇ, ಸೇಡಂನಲ್ಲಿ ಅಂಗಡಿ ಇಟ್ಟಿದ್ದಾನೆ" ಎಂದೆ. ಎರಡೂ ನಿಜವೇ ತಾನೆ?

ಮದುವೆಯ ದಿನ ಮಂತ್ರ ಹೇಳುವ ಅಯ್ಯನವರು ಮಂಟಪದಿಂದ ಕೂಗಿದರು. "ಸ್ವಾದರಮಾವ ಎಲ್ಲ್ಯಾನ್ರಿ? ಲಗೂನ ಹುಡುಗಿ ಕೈ ಹಿಡದ ಕರಕೊಂಡ ಬರ್ರಿ!" ನೆರೆದವರೆಲ್ಲ ಗೊಳ್ಳೆಂದು ನಕ್ಕು ವರನ ಕಡೆ ಕೈ ಮಾಡಿದರು. ಸೋದರಮಾವ ಬಾಸಿಂಗ ಕಟ್ಟಿಕೊಂಡು ಅಲ್ಲೇ ನಿಂತಿದ್ದ! ಅವನ ಬದಲಿಗೆ ಕೈ ಹಿಡಿದು ತರಬೇಕಾಗಿದ್ದ ದೂರದ ಮಾವ ಕಾಳಗಿಯಿಂದ ಬಂದೇ ಇರಲಿಲ್ಲ. ಫೋನ್ ಮಾಡಿದರೆ ಬಸ್ಸು ಇನ್ನೂ ದಾರಿಯಲ್ಲೇ ಇತ್ತು. ಮುಹೂರ್ತ ಮೀರುತ್ತಿತ್ತು.

"ಏನೇ ಅದು, ಯಾಕೆ ಎಲ್ಲರೂ ಅವನನ್ನು ತೋರಿಸಿ ನಗುತ್ತಾರೆ?" ಎಂದು ಅವ್ವ ನನ್ನ ತೋಳು ಹಿಡಿದಳು. ಸುತ್ತಿ ಬಳಸಿ ಹೇಳಲು ನನ್ನ ಬಳಿ ಏನೂ ಉಳಿದಿರಲಿಲ್ಲ. ಇದ್ದದ್ದನ್ನು ಹೇಳಿದೆ. ಅವ್ವ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. "ಅವಳಿಗೆ ಹೇಳು, ನಾವು ಹೊರಟೆವು."

ಅತ್ತಿ ಬೆವರುತ್ತ ಓಡಿ ಬಂದಳು. "ಯಾಕ ಎದ್ದಳವ್ವ ನಿಮ್ಮವ್ವ? ಏನ ಹೇಳಾಕತ್ತಾಳ?"

ಇಬ್ಬರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನನಗೋ ಒಳಗೊಳಗೇ ಎಂಥದೋ ಹುಚ್ಚು ಹುರುಪು. ಅತ್ತಿಗೆ ಉತ್ತರ ಕೊಡದೆ ಅವ್ವನನ್ನೇ ಕೇಳಿದೆ: "ನಮ್ಮೂರಲ್ಲಿ ಹುಡುಗಿಗೆ ಮಾಮನೇ ಇಲ್ಲದಿದ್ದರೆ ಮದುವೆ ನಿಲ್ಲಿಸಿಬಿಡುತ್ತಾರಾ?"

ಶಾಸ್ತ್ರದ ಪ್ರಶ್ನೆ ಬಂದರೆ ನಮ್ಮವ್ವ ಸಿಟ್ಟನ್ನೂ ಮರೆಯುವವಳು. "ಹುಚ್ಚಿ! ಯಾಕೆ ನಿಲ್ಲಿಸುತ್ತಾರೆ? ಹುಡುಗಿಯ ತಾಯಿ ಯಾರಿಗಾದರೂ ದಾರ ಕಟ್ಟಿ ಅಣ್ಣ ಎಂದರೆ ಮುಗಿಯಿತು, ಅವನೇ ಮಾಮ" ಎಂದು ಗದರಿದಳು.

ನನಗೆ ಅಷ್ಟೇ ಬೇಕಾಗಿತ್ತು. "ಅತ್ತಿ, ನಮ್ಮಪ್ಪಗ ದಾರ ಕಟ್ಟಿ ಅಣ್ಣಾ ಅನ್ರಿ, ಅವನೇ ಅಕ್ಕಗ ಸ್ವಾದರಮಾವ ಆಗ್ತಾನಂತ! ಅದನ್ನ ಹೇಳಾಕೇ ಎದ್ದಾಳ ನಮ್ಮವ್ವ!"

"ನನ್ನ ತಾಯಿ! ಮರ್ಯಾದಿ ಉಳಿಸಿದಿ!" ಎಂದು ಅತ್ತಿ ಅವ್ವನನ್ನು ಬಾಚಿ ತಬ್ಬಿಕೊಂಡಳು. ಅವ್ವ ಕಂಬದ ಹಾಗೆ ನಿಂತಿದ್ದಳು. ಅಡಿಗೆಯವರ ಹತ್ತಿರ ಬುಂದಿಯ ರುಚಿ ನೋಡುತ್ತಿದ್ದ ನಮ್ಮಪ್ಪನನ್ನು ನಾಲ್ಕು ಜನ ಎಳೆದು ತಂದರು. ಬಾಯಲ್ಲಿ ಬುಂದಿ, ತಲೆಗೆ ಯಾರದೋ ಪಟಗಾ. ಅತ್ತಿ ಅರಿಸಿನದ ದಾರ ಕಟ್ಟಿ "ಅಣ್ಣಾ" ಎಂದಳು. ಅಪ್ಪ ಏನೂ ತಿಳಿಯದೆ, ಆದರೆ ಭಾರೀ ಗತ್ತಿನಿಂದ, ಮದುಮಗಳ ಕೈ ಹಿಡಿದು ಹೊರಟ.

"ಏನು ಹೇಳಿದೆ ನೀನು?" ಎಂದಳು ಅವ್ವ.

"ನೀನು ಹೇಳಿದ್ದನ್ನೇ. ಈಗ ಅವಳ ಮಾಮ ನಮ್ಮಪ್ಪ. ಆ ಮನುಷ್ಯ ಬರೀ ವರ."

ಅವ್ವ ನನ್ನನ್ನೇ ದಿಟ್ಟಿಸಿದಳು. ಮಂಟಪದಲ್ಲಿ ಎದೆಯುಬ್ಬಿಸಿ ನಿಂತ ಅಪ್ಪನನ್ನು ನೋಡಿದಳು. ತುಟಿ ಬಿಗಿಹಿಡಿದರೂ ನಗು ಬಂದೇಬಿಟ್ಟಿತು. "ಕಳ್ಳಿ" ಎಂದು ನನ್ನ ಕಿವಿ ಹಿಂಡಿದಳು. ಮನೆಗೆ ಹೋಗುವ ಮಾತೆತ್ತಲಿಲ್ಲ.

ಅಕ್ಕಿಕಾಳು ಹಾಕುವ ಹೊತ್ತು ಬಂತು. ಅವ್ವ ಮುಂದೆ ನುಗ್ಗಿ ಹುಡುಗಿಯ ತಲೆಯ ಮೇಲೆ ನಾಲ್ಕು ಕಾಳು ಮೆಲ್ಲಗೆ ಉದುರಿಸಿದಳು. ಆಮೇಲೆ ಎರಡೂ ಮುಷ್ಟಿ ತುಂಬಿಕೊಂಡು, ಹಲ್ಲು ಕಚ್ಚಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ವರನ ಮೇಲೆ ಎರಚಿದಳು. ಅವನು ಕಣ್ಣು ಮುಚ್ಚಿ ಹಿಂದಕ್ಕೆ ಸರಿದ.

ಅತ್ತಿ ಅವ್ವನ ಮುಖ ನೋಡಿದಳು. ಏನಾದರೂ ಹೇಳಬೇಕೆಂದು ನಾನು ಬಾಯಿ ತೆರೆದೆ.

"ನೀ ಸುಮ್ಮಿರವ್ವ" ಎಂದು ಅತ್ತಿ ಅವ್ವನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. "ಇದು ನನಗ ತಿಳೀತು."